ಅಜೋಸ್ಪಿರಿಲಂ ಪುಡಿಯ ಹಿಂದಿನ ವಿಜ್ಞಾನಿ: ಯೊಹಾನ್ನಾ ಡೋಬರೈನರ್ ಮತ್ತು ನಿಮ್ಮ ರಾಗಿ ಹೊಲ

ಪ್ರಶ್ನೆ: ನಾವು ತುಮಕೂರು ಜಿಲ್ಲೆಯ ಖುಷ್ಕಿ ಬೇಸಾಯಗಾರರು. ರಾಗಿ ಬಿತ್ತುವಾಗ ರೈತ ಸಂಪರ್ಕ ಕೇಂದ್ರದಿಂದ ತಂದ ಅಜೋಸ್ಪಿರಿಲಂ ಎಂಬ ಸೂಕ್ಷ್ಮಾಣು ಗೊಬ್ಬರದ ಪುಡಿಯನ್ನು ಬೀಜಕ್ಕೆ ಹಚ್ಚುತ್ತೇವೆ. ಕೆಲವು ವರ್ಷ ಪೈರು ಚೆನ್ನಾಗಿ ತೆಂಡೆಯೊಡೆಯುತ್ತದೆ. ಕೆಲವು ವರ್ಷ ಹಚ್ಚಿದ ಹೊಲಕ್ಕೂ ಹಚ್ಚದ ಹೊಲಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಇದನ್ನು ಬ್ರೆಜಿಲ್ ದೇಶದ ಮಹಿಳಾ ವಿಜ್ಞಾನಿಯೊಬ್ಬರು ಬೆಳಕಿಗೆ ತಂದರೆಂದು ಬಿ.ಎಸ್ಸಿ. ಕೃಷಿ ಓದುತ್ತಿರುವ ಮಗಳು ಹೇಳಿದಳು. ಅವರು ನಿಜವಾಗಿ ಕಂಡುಹಿಡಿದದ್ದೇನು? ಇದನ್ನು ನಂಬಿ ಯೂರಿಯಾ ನಿಲ್ಲಿಸಬಹುದೇ? ಮಗಳಿಗೂ ಇಂಥ ಸಂಶೋಧನೆಯಲ್ಲಿ ಆಸಕ್ತಿಯಿದೆ. ಈ ದಾರಿ ಹಿಡಿಯಬಹುದೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆ ವಿಜ್ಞಾನಿಯ ಹೆಸರು ಯೊಹಾನ್ನಾ ಡೋಬರೈನರ್. ಯೂರಿಯಾ ಪೂರ್ತಿ ನಿಲ್ಲಿಸಬಹುದೇ ಎಂಬುದಕ್ಕೆ ಉತ್ತರ ಇಲ್ಲ ಎಂದೇ. ಆದರೆ ಯಾಕೆ ಇಲ್ಲ, ಎಷ್ಟರ ಮಟ್ಟಿಗೆ ಕಡಿಮೆ ಮಾಡಬಹುದು, ಒಂದು ವರ್ಷ ಕಂಡ ಫಲ ಇನ್ನೊಂದು ವರ್ಷ ಏಕೆ ಕಾಣುವುದಿಲ್ಲ ಎಂಬುದೆಲ್ಲ ಅವರ ಸಂಶೋಧನೆ ಸಾಗಿದ ದಾರಿಯಲ್ಲೇ ಇರುವುದರಿಂದ, ಮೊದಲು ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡೋಬರೈನರ್ ಹುಟ್ಟಿದ್ದು 1924ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದ ಊಸ್ತಿ ನಾದ್ ಲಾಬೆಮ್ ಪಟ್ಟಣದ ಜರ್ಮನ್ ಭಾಷಿಕ ಕುಟುಂಬದಲ್ಲಿ. ತಂದೆ ಪಾಲ್ ಕುಬೆಲ್ಕಾ ರಸಾಯನಶಾಸ್ತ್ರಜ್ಞರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಭಾಷಿಕರು ಆ ದೇಶವನ್ನು ಬಿಡಬೇಕಾಗಿ ಬಂದಾಗ ಯೊಹಾನ್ನಾ ಅವರೂ ಊರು ತೊರೆದರು. ಜರ್ಮನಿಯ ಹೊಲಮನೆಗಳಲ್ಲಿ ದುಡಿದು, ಆಮೇಲೆ ಮ್ಯೂನಿಕ್‌ನಲ್ಲಿ ಕೃಷಿ ಪದವಿ ಓದಿದರು. ಪಶುವೈದ್ಯಶಾಸ್ತ್ರ ಓದುತ್ತಿದ್ದ ಯೂರ್ಗೆನ್ ಡೋಬರೈನರ್ ಅವರನ್ನು ಮದುವೆಯಾಗಿ 1950ರಲ್ಲಿ ಬ್ರೆಜಿಲ್ ಸೇರಿದರು. ರಿಯೊ ಡಿ ಜನೈರೊ ಮತ್ತು ಸಾವೊ ಪಾಲೊ ನಡುವಿನ ಹಳೆಯ ಹೆದ್ದಾರಿಯ 47ನೇ ಕಿಲೋಮೀಟರಿನಲ್ಲಿ, ಸೆರೋಪೆಡಿಕ ಎಂಬಲ್ಲಿ, ಕೃಷಿ ಸಚಿವಾಲಯದ ಸಂಶೋಧನಾ ಕೇಂದ್ರವಿತ್ತು. ಅಲ್ಲಿನ ಮಣ್ಣಿನ ಸೂಕ್ಷ್ಮಾಣು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಅವರು 2000ನೇ ಇಸವಿಯ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ತಮ್ಮ ಸಂಶೋಧನೆಯ ನೆಲೆಯನ್ನು ಬದಲಿಸಲಿಲ್ಲ. 1956ರಲ್ಲಿ ಬ್ರೆಜಿಲ್ ಪೌರತ್ವ ಪಡೆದರು. ನಡುವೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋಗಿ 1963ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಬಂದರು. ಹುಳಿ ಮಣ್ಣಿನಲ್ಲಿ ಮ್ಯಾಂಗನೀಸ್ ಹೆಚ್ಚಾದಾಗ ಹುರುಳಿಕಾಯಿ ಗಿಡದ ಬೇರುಗಂಟುಗಳಿಗೆ ಏನಾಗುತ್ತದೆ ಎಂಬುದರ ಬಗ್ಗೆ ಅವರು ಆ ಕಾಲದಲ್ಲಿ ಮಾಡಿದ ಕೆಲಸ ಗಮನಿಸಬೇಕಾದದ್ದು. ಸೂಕ್ಷ್ಮಾಣುವನ್ನು ಗಾಜಿನ ತಟ್ಟೆಯಲ್ಲಷ್ಟೇ ನೋಡದೆ, ಅದು ಬದುಕುವ ಮಣ್ಣಿನ ಹುಳಿ, ಲೋಹ, ತೇವಗಳ ಜೊತೆಗೇ ನೋಡುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇತ್ತು.

ಅವರ ಮುಂದಿದ್ದ ಪ್ರಶ್ನೆ ಇದು. ಗಾಳಿಯ ಶೇಕಡ 78ರಷ್ಟು ಸಾರಜನಕವೇ ಆದರೂ ಗಿಡ ಅದನ್ನು ನೇರವಾಗಿ ಬಳಸಿಕೊಳ್ಳಲಾರದು. ತೊಗರಿ, ಅವರೆ, ಹುರುಳಿ, ಸೋಯಾ ಮುಂತಾದ ದ್ವಿದಳ ಗಿಡಗಳು ಬೇರಿನ ಗಂಟುಗಳಲ್ಲಿ ರೈಜೋಬಿಯಂ ಗುಂಪಿನ ಸೂಕ್ಷ್ಮಾಣುಗಳಿಗೆ ಸಕ್ಕರೆಯೂಡಿಸಿ, ಬದಲಿಗೆ ಸಾರಜನಕ ಪಡೆಯುತ್ತವೆ. ರಾಗಿ, ಜೋಳ, ಭತ್ತ, ಕಬ್ಬು, ಹುಲ್ಲುಗಳಿಗೆ ಅಂಥ ಗಂಟುಗಳಿಲ್ಲ. ಆದರೂ ಉಷ್ಣವಲಯದ ಕೆಲವು ಹುಲ್ಲುಗಾವಲುಗಳು ಮತ್ತು ಕಬ್ಬಿನ ಗದ್ದೆಗಳು ಗೊಬ್ಬರವಿಲ್ಲದೆ ವರ್ಷಗಟ್ಟಲೆ ಹಸಿರಾಗಿಯೇ ಇರುತ್ತವೆ. ಆ ಸಾರಜನಕ ಎಲ್ಲಿಂದ ಬರುತ್ತದೆ? 1950ರ ದಶಕದಲ್ಲಿ ಕಬ್ಬಿನ ಬೇರಿನ ಸುತ್ತಲ ಮಣ್ಣಿನಿಂದ ಅವರ ತಂಡ ಬೈಜರಿಂಕಿಯಾ ಎಂಬ ಸೂಕ್ಷ್ಮಾಣುವಿನ ಹೊಸ ಪ್ರಭೇದವೊಂದನ್ನು ಬೇರ್ಪಡಿಸಿತು. 1966ರಲ್ಲಿ ಪಾಸ್ಪಾಲಂ ಎಂಬ ಹುಲ್ಲಿನ ಬೇರಿನಲ್ಲಿ ಅಜೊಟೊಬ್ಯಾಕ್ಟರ್‌ನ ಇನ್ನೊಂದು ಪ್ರಭೇದವನ್ನು ವರದಿ ಮಾಡಿದರು. ಸಾರಜನಕ ಸ್ಥಿರೀಕರಣ (ಗಾಳಿಯ ಸಾರಜನಕವನ್ನು ಗಿಡ ಬಳಸಬಲ್ಲ ರೂಪಕ್ಕೆ ತರುವುದು) ಎಂದರೆ ದ್ವಿದಳ ಗಿಡಗಳ ವಿಷಯ ಎಂದೇ ಹೆಚ್ಚಿನವರು ತಿಳಿದಿದ್ದ ಆ ಕಾಲದಲ್ಲಿ, ಹುಲ್ಲಿನ ಬೇರಿನಲ್ಲಿ ಅದನ್ನು ಹುಡುಕುವವರು ತೀರ ಕಡಿಮೆಯಿದ್ದರು.

ಆದರೆ ಅವರು ಬೇಸಾಯಕ್ಕೆ ಕೊಟ್ಟ ಅತಿ ದೊಡ್ಡ ಕೊಡುಗೆ, ನನ್ನ ದೃಷ್ಟಿಯಲ್ಲಿ, ಅಜೋಸ್ಪಿರಿಲಂ ಅಲ್ಲ; ಸೋಯಾ. 1960ರ ದಶಕದಲ್ಲಿ ಬ್ರೆಜಿಲ್ ಸೋಯಾ ತಳಿ ಅಭಿವೃದ್ಧಿಯನ್ನು ದೊಡ್ಡದಾಗಿ ಕೈಗೆತ್ತಿಕೊಂಡಾಗ, ತಳಿಗಳನ್ನು ಆಯ್ಕೆ ಮಾಡುವ ತಾಕುಗಳಿಗೆ ಸಾರಜನಕ ಗೊಬ್ಬರ ಹಾಕಬೇಕೇ ಎಂಬ ಪ್ರಶ್ನೆ ಎದ್ದಿತು. ಹಾಕಬಾರದು, ಬೀಜಕ್ಕೆ ಸರಿಯಾದ ಸೂಕ್ಷ್ಮಾಣು ಹಚ್ಚಿ ಅದರ ಮೇಲೆಯೇ ತಳಿಗಳನ್ನು ಆರಿಸಬೇಕು ಎಂದು ಡೋಬರೈನರ್ ವಾದಿಸಿದರು. ಇದರ ತರ್ಕ ಸರಳವಾದರೂ ಆಳವಾದದ್ದು. ಯೂರಿಯಾ ತುಂಬಿದ ತಾಕಿನಲ್ಲಿ ಗಂಟು ಕಟ್ಟುವ ಗಿಡವೂ ಕಟ್ಟದ ಗಿಡವೂ ಒಂದೇ ರೀತಿ ಹಸಿರಾಗಿ ಕಾಣುತ್ತವೆ; ತಳಿಗಾರನ ಕಣ್ಣಿಗೆ ಅವುಗಳ ನಡುವಿನ ಭೇದ ಕಾಣುವುದೇ ಇಲ್ಲ; ಹೀಗೆ ತಲೆಮಾರು ತಲೆಮಾರು ಆರಿಸುತ್ತ ಹೋದರೆ ಸೂಕ್ಷ್ಮಾಣುವಿನ ಜೊತೆ ಬಾಳುವ ಗುಣವೇ ನಮಗೆ ತಿಳಿಯದಂತೆ ತಳಿಯಿಂದ ಕಳೆದುಹೋಗಬಹುದು. ಗೊಬ್ಬರವಿಲ್ಲದ ತಾಕಿನಲ್ಲಿ ಆ ಭೇದ ಹಳದಿ ಮತ್ತು ಹಸಿರಾಗಿ ಎದ್ದು ಕಾಣುತ್ತದೆ.

ಸೋಯಾ ಪೂರ್ವ ಏಷ್ಯಾದ ಗಿಡ. ಬ್ರೆಜಿಲ್ ಮಣ್ಣಿನಲ್ಲಿ ಅದಕ್ಕೆ ಹೊಂದುವ, ಬ್ರಾಡಿರೈಜೋಬಿಯಂ ಎಂಬ ಗಂಟು ಕಟ್ಟುವ ಸೂಕ್ಷ್ಮಾಣು ಸಹಜವಾಗಿ ಇರಲಿಲ್ಲ. ಹಾಗಾಗಿ ಬ್ರೆಜಿಲ್‌ನ ಹುಳಿ ಮಣ್ಣಿನಲ್ಲಿ, ಬಿಸಿಲಿನಲ್ಲಿ ಉಳಿಯುವ ಸೂಕ್ಷ್ಮಾಣು ಬಗೆಗಳನ್ನು ಹುಡುಕಿ ಆರಿಸುವ ಕೆಲಸವೂ ತಳಿ ಆಯ್ಕೆಯ ಜೊತೆಜೊತೆಗೇ ನಡೆಯಬೇಕಾಯಿತು. ಇದು ಡೋಬರೈನರ್ ಒಬ್ಬರ ಸಾಧನೆಯಲ್ಲ. ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ ಜೊವಾವ್ ರುಯ್ ಜಾರ್ದಿಂ ಫ್ರೇಯ್ರೆ ಅವರ ತಂಡವೂ, ಅನೇಕ ತಳಿವಿಜ್ಞಾನಿಗಳೂ ದುಡಿದಿದ್ದಾರೆ. ಫಲ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಲೆಕ್ಕ ಸಾಕು. ಒಂದು ಟನ್ ಸೋಯಾ ಕಾಳಿನ ಬೆಳೆಗೆ ಸುಮಾರು 80 ಕಿಲೋ ಸಾರಜನಕ ಬೇಕು. ಹೆಕ್ಟೇರಿಗೆ ಮೂರು ಟನ್ ಇಳುವರಿ ಎಂದರೆ 240 ಕಿಲೋ. ಅದನ್ನು ಶೇಕಡ 46 ಸಾರಜನಕವಿರುವ ಯೂರಿಯಾದಿಂದಲೇ ಕೊಡಲು ಹೊರಟರೆ, ಹಾಕಿದ್ದೆಲ್ಲ ಗಿಡಕ್ಕೇ ದಕ್ಕಿತೆಂದುಕೊಂಡರೂ, ಹೆಕ್ಟೇರಿಗೆ ಐನೂರು ಕಿಲೋಗೂ ಹೆಚ್ಚು ಬೇಕು. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಸೋಯಾ ಬೆಳೆಯುವ ಬ್ರೆಜಿಲ್ ಈ ಸಾರಜನಕವನ್ನು ಬಹುಮಟ್ಟಿಗೆ ಬೇರುಗಂಟುಗಳಿಂದಲೇ ಪಡೆಯುತ್ತಿದೆ. ಆ ದೇಶಕ್ಕೆ ಇದರಿಂದ ಪ್ರತಿ ವರ್ಷ ಉಳಿಯುವ ಗೊಬ್ಬರದ ಹಣ ನೂರಾರು ಕೋಟಿ ಡಾಲರುಗಳಲ್ಲಿದೆ.

ಇನ್ನು ನಿಮ್ಮ ಪುಡಿಯ ವಿಷಯ. ಅಜೋಸ್ಪಿರಿಲಂ ಸೂಕ್ಷ್ಮಾಣುವನ್ನು ಮೊದಲು ಕಂಡವರು ಡೋಬರೈನರ್ ಅಲ್ಲ. ಹಾಲೆಂಡಿನ ಸೂಕ್ಷ್ಮಾಣು ವಿಜ್ಞಾನಿ ಬೈಜರಿಂಕ್ 1920ರ ದಶಕದಲ್ಲೇ ಅದನ್ನು ಸ್ಪಿರಿಲಂ ಲಿಪೊಫೆರಂ ಎಂಬ ಹೆಸರಿನಲ್ಲಿ ವರ್ಣಿಸಿದ್ದರು. ಆಮೇಲೆ ಐವತ್ತು ವರ್ಷ ಅದರ ಕಡೆ ಹೆಚ್ಚಾಗಿ ಯಾರೂ ತಿರುಗಿ ನೋಡಿರಲಿಲ್ಲ. 1970ರ ದಶಕದ ಮಧ್ಯದಲ್ಲಿ ಡೋಬರೈನರ್, ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಿಂದ ಬಂದಿದ್ದ ಜಾನ್ ಡೇ ಅವರೊಂದಿಗೆ, ಡಿಜಿಟೇರಿಯಾ ಜಾತಿಯ ಮೇವಿನ ಹುಲ್ಲಿನ ಬೇರಿನಲ್ಲಿ ಅದನ್ನು ಮತ್ತೆ ಕಂಡರು. ಅಷ್ಟು ಕಾಲ ಅದು ಕಣ್ತಪ್ಪಿದ್ದಕ್ಕೆ ಕಾರಣವಿತ್ತು. ಸಾರಜನಕವನ್ನು ಸ್ಥಿರೀಕರಿಸುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಉಸಿರಾಡಿ ಶಕ್ತಿ ಪಡೆಯಲು ಈ ಸೂಕ್ಷ್ಮಾಣುವಿಗೆ ಆಮ್ಲಜನಕ ಬೇಕೇ ಬೇಕು. ಗಾಳಿಗೆ ತೆರೆದ ತಟ್ಟೆಯ ಮೇಲೆ ಬೆಳೆಸಿದರೆ ಆಮ್ಲಜನಕ ಹೆಚ್ಚಾಗುತ್ತದೆ, ಗಾಳಿಯಿಲ್ಲದ ಡಬ್ಬಿಯಲ್ಲಿಟ್ಟರೆ ತೀರ ಕಡಿಮೆಯಾಗುತ್ತದೆ. ಎರಡರಲ್ಲೂ ಅದು ಸಾರಜನಕ ಕಟ್ಟುವುದಿಲ್ಲ.

ಡೋಬರೈನರ್ ಕಂಡುಕೊಂಡ ಉಪಾಯ ದುಬಾರಿ ಯಂತ್ರವನ್ನು ಬೇಡುವಂಥದ್ದಲ್ಲ. ಸಣ್ಣ ಗಾಜಿನ ಕುಪ್ಪಿಯಲ್ಲಿ, ಸಾರಜನಕವಿಲ್ಲದ, ಮಾಲಿಕ್ ಆಮ್ಲದ ಲವಣವನ್ನು ಆಹಾರವಾಗಿ ಸೇರಿಸಿದ, ಪೂರ್ತಿ ಗಟ್ಟಿಯೂ ಅಲ್ಲದ ಪೂರ್ತಿ ತೆಳುವೂ ಅಲ್ಲದ ಅಗರ್ (ಕಡಲ ಪಾಚಿಯಿಂದ ತೆಗೆದ, ಜೆಲ್ಲಿಯಂತೆ ಗಟ್ಟಿಯಾಗುವ ವಸ್ತು) ದ್ರಾವಣವನ್ನು ತುಂಬಿ, ಅದರೊಳಗೆ ಬೇರಿನ ಚೂರನ್ನು ಹಾಕಿ ಬಿಟ್ಟರು. ಅರೆಗಟ್ಟಿ ದ್ರಾವಣದಲ್ಲಿ ಮೇಲಿಂದ ಕೆಳಗೆ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಸೂಕ್ಷ್ಮಾಣು ತಾನಾಗಿ ಈಜಿ, ತನಗೆ ಬೇಕಾದಷ್ಟೇ ಆಮ್ಲಜನಕವಿರುವ ಆಳವನ್ನು ಆರಿಸಿಕೊಂಡು, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಕೆಳಗೆ ಹಾಲಿನ ಕೆನೆಯಂಥ ತೆಳುವಾದ ಬಿಳಿ ಪದರ ಕಟ್ಟುತ್ತದೆ. ದ್ರಾವಣಕ್ಕೆ ಸೇರಿಸಿದ ಬ್ರೋಮೊಥೈಮಾಲ್ ಬ್ಲೂ ಬಣ್ಣವು, ಸೂಕ್ಷ್ಮಾಣು ಆಮ್ಲವನ್ನು ಬಳಸಿ ಮುಗಿಸಿದಂತೆ, ಹಸಿರಿನಿಂದ ನೀಲಿಗೆ ತಿರುಗುತ್ತದೆ. ಕೇವಲ ಇಷ್ಟರಿಂದ, ಹಣವಿಲ್ಲದ ಪ್ರಯೋಗಾಲಯಗಳೂ ತಮ್ಮ ಊರಿನ ಬೇರುಗಳಲ್ಲಿ ಇಂಥ ಸೂಕ್ಷ್ಮಾಣುಗಳನ್ನು ಹುಡುಕುವಂತಾಯಿತು. 1978ರಲ್ಲಿ ಟರಾಂಡ್, ಕ್ರೀಗ್ ಮತ್ತು ಡೋಬರೈನರ್ ಸೇರಿ ಇದಕ್ಕೆ ಅಜೋಸ್ಪಿರಿಲಂ ಎಂಬ ಹೊಸ ಕುಲವನ್ನು ಸ್ಥಾಪಿಸಿ, ಲಿಪೊಫೆರಂ ಮತ್ತು ಬ್ರಾಸಿಲೆನ್ಸೆ ಎಂಬ ಎರಡು ಪ್ರಭೇದಗಳನ್ನು ಗುರುತಿಸಿದರು. ಇದು ನಿಮಗೂ ಸಂಬಂಧಿಸಿದ ಸಂಗತಿ: 2006ರಲ್ಲಿ ಭಾರತದ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಜೈವಿಕ ಗೊಬ್ಬರಗಳನ್ನು ಸೇರಿಸಿದಾಗ, ಅಜೋಸ್ಪಿರಿಲಂ ಗುಣಮಟ್ಟಕ್ಕೆ ವಿಧಿಸಿದ ಪರೀಕ್ಷೆಗಳಲ್ಲಿ ಈ ಬಿಳಿ ಪದರವೂ ಒಂದು. ನೀವು ತರುವ ಪೊಟ್ಟಣ ಕಾನೂನಿನ ಪ್ರಕಾರ ಸೆರೋಪೆಡಿಕದ ಆ ಕುಪ್ಪಿಯ ಪರೀಕ್ಷೆಯನ್ನು ದಾಟಿ ಬರಬೇಕು.

ಮುಂದಿನ ಭಾಗವನ್ನು ನಿಮ್ಮ ಮಗಳು ಎಚ್ಚರದಿಂದ ಓದಲಿ. 1975ರಲ್ಲಿ ಫೊನ್ ಬ್ಯೂಲೊ ಮತ್ತು ಡೋಬರೈನರ್ ಮೆಕ್ಕೆಜೋಳದ ಕೆಲವು ತಳಿಗಳ ಬೇರುಗಳು ಗಣನೀಯ ಪ್ರಮಾಣದಲ್ಲಿ ಸಾರಜನಕವನ್ನು ಸ್ಥಿರೀಕರಿಸಬಲ್ಲವು ಎಂಬ ಲೇಖನ ಪ್ರಕಟಿಸಿದರು. 1973ರ ತೈಲ ಬಿಕ್ಕಟ್ಟಿನಿಂದ ಗೊಬ್ಬರದ ಬೆಲೆ ಏರಿದ್ದ ಕಾಲ. ಜಗತ್ತಿನ ಗಮನ ತಕ್ಷಣ ಅತ್ತ ಹರಿಯಿತು. ಅಳತೆಗೆ ಬಳಸಿದ್ದು ಅಸಿಟಿಲಿನ್ ವಿಧಾನ: ನೈಟ್ರೋಜಿನೇಸ್ ಕಿಣ್ವ ಅಸಿಟಿಲಿನ್ ಅನಿಲವನ್ನು ಎಥಿಲೀನ್ ಆಗಿ ಬದಲಿಸುವುದರಿಂದ, ಹುಟ್ಟಿದ ಎಥಿಲೀನನ್ನು ಅಳೆದು ಕಿಣ್ವದ ಚಟುವಟಿಕೆಯನ್ನು ಅಂದಾಜಿಸಬಹುದು. ಆದರೆ ಬೇರನ್ನು ಕತ್ತರಿಸಿ, ಕಡಿಮೆ ಆಮ್ಲಜನಕದಲ್ಲಿ ರಾತ್ರಿಯಿಡೀ ಇಟ್ಟು ಆಮೇಲೆ ಅಳೆದಾಗ, ಆ ಅವಧಿಯಲ್ಲಿ ಸೂಕ್ಷ್ಮಾಣುಗಳು ಕತ್ತರಿಸಿದ ಬೇರಿನ ಆಹಾರ ತಿಂದು ಹೆಚ್ಚುತ್ತವೆ. ಹೊಲದಲ್ಲಿ ನಿಂತ ಗಿಡದಲ್ಲಿ ನಡೆಯುವುದಕ್ಕಿಂತ ಬಹಳ ಹೆಚ್ಚಿನ ಅಂಕಿ ಸಿಗುತ್ತದೆ. ಬೇರೆ ದೇಶಗಳ ತಂಡಗಳು ಗಿಡವನ್ನು ಕದಲಿಸದೆ ಅಳೆದಾಗ, ಸಾರಜನಕದ ವಿಶೇಷ ಐಸೋಟೋಪ್ (ತೂಕದಲ್ಲಿ ಬೇರೆಯಾದ ಸಾರಜನಕ ಪರಮಾಣು) ಬಳಸಿ ಲೆಕ್ಕ ಹಾಕಿದಾಗ, ಮೆಕ್ಕೆಜೋಳ ಮತ್ತು ಕಿರುಧಾನ್ಯಗಳಲ್ಲಿ ಈ ಸೂಕ್ಷ್ಮಾಣುವಿನಿಂದ ಗಿಡಕ್ಕೆ ಸೇರುವ ಸಾರಜನಕ ಮೊದಲಿನ ನಿರೀಕ್ಷೆಗಿಂತ ತುಂಬ ಕಡಿಮೆ ಎಂದು ಸ್ಪಷ್ಟವಾಯಿತು.

ಹಾಗಾದರೆ ಇಳುವರಿ ಹೆಚ್ಚಿದ ಹೊಲಗಳಲ್ಲಿ ನಡೆದದ್ದೇನು? 1979ರಲ್ಲಿ ಟೀನ್, ಗ್ಯಾಸ್ಕಿನ್ಸ್ ಮತ್ತು ಹಬೆಲ್ ಸಜ್ಜೆಯ ಮೇಲೆ ಮಾಡಿದ ಅಧ್ಯಯನ ಇದಕ್ಕೆ ದಾರಿ ತೋರಿತು. ಅಜೋಸ್ಪಿರಿಲಂ ಗಿಡದ ಬೆಳವಣಿಗೆ ಚೋದಕಗಳನ್ನು, ಮುಖ್ಯವಾಗಿ ಇಂಡೋಲ್ ಅಸಿಟಿಕ್ ಆಮ್ಲವನ್ನು, ತಯಾರಿಸುತ್ತದೆ. ಅದರಿಂದ ಪಕ್ಕಬೇರುಗಳೂ ಬೇರುಗೂದಲುಗಳೂ ಹೆಚ್ಚುತ್ತವೆ. ಬೇರು ಹೆಚ್ಚು ಮಣ್ಣನ್ನು ತಡಕಿ, ಅಲ್ಲಿರುವ ನೀರನ್ನೂ ಪೋಷಕಾಂಶಗಳನ್ನೂ ಹೆಚ್ಚು ಹೀರುತ್ತದೆ. ಅಂದರೆ ನಿಮ್ಮ ರಾಗಿಗೆ ಈ ಪುಡಿ ಕೊಡುವ ಸಹಾಯದ ದೊಡ್ಡ ಪಾಲು ಗಾಳಿಯಿಂದ ತಂದ ಸಾರಜನಕವಲ್ಲ, ಮಣ್ಣಿನಲ್ಲಿರುವುದನ್ನು ಚೆನ್ನಾಗಿ ಬಳಸಿಕೊಳ್ಳುವ ಬೇರು. ಮಣ್ಣಿನಲ್ಲೇ ಇಲ್ಲದಿದ್ದರೆ ಎಷ್ಟು ಬೇರು ಬಿಟ್ಟರೂ ಗಿಡಕ್ಕೆ ಸಿಗುವುದು ಅಷ್ಟೇ. ಯೂರಿಯಾ ಪೂರ್ತಿ ನಿಲ್ಲಿಸಬೇಡಿ ಎಂದು ನಾನು ಹೇಳುವುದು ಇದಕ್ಕಾಗಿ.

1994ರಲ್ಲಿ ಇಸ್ರೇಲಿನ ಓಕೊನ್ ಮತ್ತು ಉರುಗ್ವೆಯ ಲಬಂದೆರಾ ಗೊನ್ಸಾಲೆಸ್ ಇಪ್ಪತ್ತು ವರ್ಷಗಳ ಕ್ಷೇತ್ರ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಶೇಕಡ 60ರಿಂದ 70ರಷ್ಟು ಪ್ರಯೋಗಗಳಲ್ಲಿ ಇಳುವರಿ ಖಚಿತವಾಗಿ ಹೆಚ್ಚಿತ್ತು. ಹೆಚ್ಚಳ ಶೇಕಡ 5ರಿಂದ 30ರವರೆಗೆ ಇತ್ತು. ಉಳಿದ ಮೂರನೇ ಒಂದು ಭಾಗದಲ್ಲಿ ಫಲ ಕಂಡಿರಲಿಲ್ಲ. ಒಂದು ವರ್ಷ ಕಂಡು ಇನ್ನೊಂದು ವರ್ಷ ಕಾಣದ ನಿಮ್ಮ ಅನುಭವ ಜಗತ್ತಿನ ಅನುಭವಕ್ಕೆ ಹೊಂದಿಕೊಂಡೇ ಇದೆ, ನಿಮ್ಮ ಬೇಸಾಯದ ಕುಂದಲ್ಲ. ಆದರೂ ಕಾರಣಗಳನ್ನು ಹುಡುಕಬಹುದು. ಪುಡಿಯಲ್ಲಿ ಗ್ರಾಂ ಒಂದಕ್ಕೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು, ದ್ರವರೂಪದ್ದಾದರೆ ಮಿಲಿಲೀಟರಿಗೆ 10 ಕೋಟಿ ಎಂಬುದು ನಿಯಮ. ಬಿಸಿಲಿನ ಗೋದಾಮಿನಲ್ಲಿ, ತಗಡಿನ ಸೂರಿನ ಕೆಳಗೆ ಇಟ್ಟ ಪೊಟ್ಟಣದಲ್ಲಿ ಆ ಸಂಖ್ಯೆ ವೇಗವಾಗಿ ಇಳಿಯುತ್ತದೆ. ಬಿತ್ತಿದ ಮೇಲೆ ಮಳೆ ಹಿಂದಾಗಿ ಮೇಲ್ಮಣ್ಣು ಕಾದರೆ ಬೀಜಕ್ಕೆ ಅಂಟಿದ ಕೋಶಗಳು ಬೇರು ಬಿಡುವ ಮೊದಲೇ ಸಾಯುತ್ತವೆ. ಮಿತಿಮೀರಿ ಯೂರಿಯಾ ಸುರಿದ ಹೊಲದಲ್ಲಿ ಅಮೋನಿಯಂ ಹೆಚ್ಚಿ, ಸೂಕ್ಷ್ಮಾಣು ತನ್ನ ನೈಟ್ರೋಜಿನೇಸ್ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಇನ್ನು ಕೊಟ್ಟಿಗೆ ಗೊಬ್ಬರ ಕಾಣದ, ಸಾವಯವ ಇಂಗಾಲ ತೀರ ಇಳಿದ ಕೆಂಪು ಮಣ್ಣಿನಲ್ಲಿ ಹೊರಗಿನಿಂದ ಬಂದ ಸೂಕ್ಷ್ಮಾಣುವಿಗೆ ಬದುಕುಳಿಯಲು ಆಧಾರವೇ ಕಡಿಮೆ.

ಕಬ್ಬಿನ ಬಗ್ಗೆ ಒಂದು ಮಾತು ಹೇಳಿ ನಿಮ್ಮ ಹೊಲಕ್ಕೆ ಬರುತ್ತೇನೆ. ಮೆಕ್ಕೆಜೋಳದ ವಿವಾದದ ನಂತರ ಡೋಬರೈನರ್ ಹಿಂದೆ ಸರಿಯಲಿಲ್ಲ. ಬೇರಿನ ಹೊರಗಲ್ಲ, ಗಿಡದ ಒಳಗೇ ಬದುಕುವ ಸೂಕ್ಷ್ಮಾಣುಗಳ ಕಡೆಗೆ ತಿರುಗಿದರು. 1986ರಲ್ಲಿ ಅವರ ತಂಡ ಸೆರೋಪೆಡಿಕ ಊರಿನ ಹೆಸರನ್ನೇ ಇಟ್ಟ ಹರ್ಬಾಸ್ಪಿರಿಲಂ ಪ್ರಭೇದವನ್ನೂ, 1988ರಲ್ಲಿ ಕವಲ್ಕಾಂಟೆ ಮತ್ತು ಡೋಬರೈನರ್ ಕಬ್ಬಿನೊಳಗೆ, ಅಷ್ಟೊಂದು ಸಕ್ಕರೆಯ ನಡುವೆಯೂ ಸಾರಜನಕವನ್ನು ಸ್ಥಿರೀಕರಿಸುವ, ಇಂದು ಗ್ಲುಕೊನಸಿಟೊಬ್ಯಾಕ್ಟರ್ ಎಂದು ಕರೆಯುವ ಸೂಕ್ಷ್ಮಾಣುವನ್ನೂ ವರದಿ ಮಾಡಿದರು. 1992ರಲ್ಲಿ ಸೆರೋಪೆಡಿಕದ ಉರ್ಕಿಯಾಗ, ಕ್ರೂಜ್ ಮತ್ತು ಬಾಡಿ ಐಸೋಟೋಪ್ ಮತ್ತು ಸಾರಜನಕ ಲೆಕ್ಕದ ಮೂಲಕ, ಬ್ರೆಜಿಲ್‌ನ ಕೆಲವು ಕಬ್ಬು ತಳಿಗಳು ತಮ್ಮ ಸಾರಜನಕದ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದ ಪಡೆದವೆಂದು ತೋರಿಸಿದರು. ಎಲ್ಲ ತಳಿಗಳಲ್ಲೂ, ಎಲ್ಲ ದೇಶಗಳಲ್ಲೂ ಅದು ಹಾಗೆಯೇ ಕಂಡಿಲ್ಲ. ತಳಿಯಿಂದ ತಳಿಗೆ ಇಷ್ಟು ಅಂತರವಿರುವುದೇ ಮುಖ್ಯ ಸಂಗತಿ. ಗೊಬ್ಬರವಿಲ್ಲದ ತಾಕಿನಲ್ಲೇ ತಳಿ ಆರಿಸಬೇಕೆಂಬ, ಸೋಯಾ ಕಾಲದ ಡೋಬರೈನರ್ ವಾದಕ್ಕೆ ಅದು ಬಲ ಕೊಡುತ್ತದೆ.

ಈಗ ನಿಮ್ಮ ಹೊಲ. ಖುಷ್ಕಿ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ ಎಂಬುದು ಬಹುಕಾಲದಿಂದ ಬಂದ ಶಿಫಾರಸು. ಅಜೋಸ್ಪಿರಿಲಂ ಬಳಸಿದಾಗ ಅದರಲ್ಲಿ ಕಾಲುಭಾಗ ಕಡಿಮೆ ಮಾಡಬಹುದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಇಡೀ ಹೊಲಕ್ಕೆ ಒಮ್ಮೆಲೇ ಅನ್ವಯಿಸದೆ, ಒಂದೇ ಮಣ್ಣು, ಒಂದೇ ಇಳಿಜಾರಿರುವ ಜಾಗದಲ್ಲಿ ನಾಲ್ಕು ಪಟ್ಟಿಗಳನ್ನು ಗುರುತು ಮಾಡಿ: (1) ಪೂರ್ತಿ ಗೊಬ್ಬರ, ಪುಡಿಯಿಲ್ಲ; (2) ಪೂರ್ತಿ ಗೊಬ್ಬರ, ಪುಡಿಯೊಂದಿಗೆ; (3) ಕಾಲುಭಾಗ ಕಡಿಮೆ, ಪುಡಿಯಿಲ್ಲ; (4) ಕಾಲುಭಾಗ ಕಡಿಮೆ, ಪುಡಿಯೊಂದಿಗೆ. ಮೂರನೆಯ ಪಟ್ಟಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ, ಕಡಿಮೆ ಗೊಬ್ಬರದಲ್ಲೂ ಬೆಳೆ ಬಂದದ್ದು ಪುಡಿಯಿಂದಲೋ, ಮೊದಲಿಂದಲೇ ಗೊಬ್ಬರ ಹೆಚ್ಚಾಗಿತ್ತೋ ಎಂದು ತಿಳಿಯುವುದಿಲ್ಲ. ಸಾಧ್ಯವಾದರೆ ಹೊಲದ ಇನ್ನೊಂದು ಕಡೆ ಇದೇ ನಾಲ್ಕು ಪಟ್ಟಿಗಳನ್ನು ಬೇರೆ ಕ್ರಮದಲ್ಲಿ ಮತ್ತೊಮ್ಮೆ ಹಾಕಿ, ಒಕ್ಕಣೆಯಲ್ಲಿ ಕಾಳನ್ನೂ ಹುಲ್ಲನ್ನೂ ಬೇರೆ ಬೇರೆಯಾಗಿ ತೂಗಿ. ಹುಲ್ಲು ದನಕ್ಕೆ ಬೇಕಾದ್ದರಿಂದ ಅದರ ತೂಕವೂ ನಿಮ್ಮ ಲಾಭದ ಲೆಕ್ಕಕ್ಕೆ ಸೇರಬೇಕು.

ಪೊಟ್ಟಣ ತರುವಾಗ ತಯಾರಿಸಿದ ದಿನಾಂಕ, ಅವಧಿ ಮುಗಿಯುವ ದಿನಾಂಕ ನೋಡಿ, ಬಿತ್ತನೆಯವರೆಗೆ ತಂಪಾದ ನೆರಳಿನಲ್ಲಿಡಿ. ಆರಿದ ಬೆಲ್ಲದ ನೀರಿನ ಅಂಟಿನಲ್ಲಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ, ಅದೇ ದಿನ ಬಿತ್ತಿ. ಶಿಲೀಂಧ್ರನಾಶಕ ಬಳಸುವುದಾದರೆ ಅದನ್ನು ಮೊದಲೇ ಹಚ್ಚಿ, ಜೈವಿಕ ಗೊಬ್ಬರವನ್ನು ಕೊನೆಗೆ ಹಚ್ಚಿ. ಪುಡಿಯನ್ನು ಯೂರಿಯಾ ಅಥವಾ ಡಿ.ಎ.ಪಿ. ಜೊತೆ ಬೆರೆಸಲೇಬೇಡಿ. ಪೈರು ಕಿತ್ತು ನಾಟಿ ಮಾಡುವ ರಾಗಿಯಾದರೆ ಪೈರಿನ ಬೇರನ್ನು ಪುಡಿ ಕದಡಿದ ನೀರಿನಲ್ಲಿ ಅದ್ದಿ ನಾಟಿ ಮಾಡುವುದು ಹೆಚ್ಚು ನಂಬಬಹುದಾದ ಕ್ರಮ, ಏಕೆಂದರೆ ಅಲ್ಲಿ ಸೂಕ್ಷ್ಮಾಣುವಿಗೆ ಬೇರು ಆಗಲೇ ಸಿದ್ಧವಿರುತ್ತದೆ. ಉಳಿದ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಸೇರಿಸಿ. ಯೂರಿಯಾವನ್ನು ಒಂದೇ ಸಲ ಹಾಕದೆ, ಅರ್ಧವನ್ನು ಬಿತ್ತನೆಯಲ್ಲೂ ಅರ್ಧವನ್ನು ತೆಂಡೆಯೊಡೆಯುವ ಹೊತ್ತಿಗೆ ಮಣ್ಣಿನಲ್ಲಿ ತೇವವಿದ್ದಾಗ ಮೇಲುಗೊಬ್ಬರವಾಗಿಯೂ ಕೊಡಿ. ಸರದಿಯಲ್ಲಿ ಅವರೆ, ಅಲಸಂದೆ ಅಥವಾ ತೊಗರಿಯ ಅಕ್ಕಡಿ ಸಾಲು ಬಿಟ್ಟಿದ್ದರೆ ಮತ್ತೆ ತನ್ನಿ. ಗಾಳಿಯ ಸಾರಜನಕವನ್ನು ಮಣ್ಣಿಗೆ ತರುವುದರಲ್ಲಿ ಅವುಗಳ ಬೇರುಗಂಟು ಯಾವ ಪುಡಿಗಿಂತಲೂ ಮುಂದೆ.

ಮಗಳ ವಿಷಯ. ಡೋಬರೈನರ್ ಅವರಿಗೆ 1989ರಲ್ಲಿ ಯುನೆಸ್ಕೊ ವಿಜ್ಞಾನ ಪ್ರಶಸ್ತಿ ಬಂದಿತು, ಅವರು ಬ್ರೆಜಿಲ್ ವಿಜ್ಞಾನ ಅಕಾಡೆಮಿಯ ಉಪಾಧ್ಯಕ್ಷರಾದರು. ಆದರೆ ಹೊಸದಾಗಿ ಸಂಶೋಧನೆಗೆ ಬರುವವರು ನೋಡಬೇಕಾದದ್ದು ಅವರ ಪ್ರಶ್ನೆಗಳು ಹುಟ್ಟಿದ ಜಾಗವನ್ನು. ಬಡ ಮಣ್ಣಿನಲ್ಲಿ ಕಡಿಮೆ ಗೊಬ್ಬರದಿಂದ ಬೆಳೆ ತೆಗೆಯಬೇಕಾದ ದೇಶದ ಹೊಲದಲ್ಲಿ ಅವು ಹುಟ್ಟಿದವು. ನಿಮ್ಮ ಮಗಳು ಸ್ನಾತಕೋತ್ತರಕ್ಕೆ ಮಣ್ಣುವಿಜ್ಞಾನ, ಬೇಸಾಯಶಾಸ್ತ್ರ, ಕೃಷಿ ಸೂಕ್ಷ್ಮಾಣುಶಾಸ್ತ್ರ ಇವುಗಳಲ್ಲಿ ಯಾವುದನ್ನು ಆರಿಸಿದರೂ, ಉಳಿದೆರಡರ ಪಾಠಗಳನ್ನು ಬಿಡದೆ ಕಲಿಯಲಿ. ಸಂಖ್ಯಾಶಾಸ್ತ್ರವನ್ನು ಪರೀಕ್ಷೆಗಾಗಿ ಮಾತ್ರ ಓದದಿರಲಿ. ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಈ ಮೂರೂ ವಿಭಾಗಗಳಿವೆ. 1975ರ ಮೆಕ್ಕೆಜೋಳದ ಲೇಖನವನ್ನೂ, ನಂತರ ಬಂದ ಅದರ ವಿಮರ್ಶೆಗಳನ್ನೂ ಅಕ್ಕಪಕ್ಕ ಇಟ್ಟು ಓದಲಿ. ಅಳತೆಯ ವಿಧಾನವೊಂದು ಇಡೀ ಕ್ಷೇತ್ರದ ನಿರೀಕ್ಷೆಯನ್ನು ಹೇಗೆ ಏರಿಸಿ ಇಳಿಸಬಲ್ಲದೆಂದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ಅವಳಿಗೆ ವಿಷಯ ಬೇಕೆಂದರೆ ರಾಗಿಯಲ್ಲೇ ಇದೆ: ಹಳೆಯ ನಾಡತಳಿಗಳನ್ನೂ ಇಂದಿನ ಸುಧಾರಿತ ತಳಿಗಳನ್ನೂ ಕಡಿಮೆ ಸಾರಜನಕದ ತಾಕಿನಲ್ಲಿ ಒಟ್ಟಿಗೆ ಬೆಳೆಸಿ, ನಮ್ಮ ಕೆಂಪು ಮಣ್ಣಿನಿಂದಲೇ ಬೇರ್ಪಡಿಸಿದ ಅಜೋಸ್ಪಿರಿಲಂ ಹಚ್ಚಿ, ಯಾವ ತಳಿ ಅದಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ ಎಂದು ಹಲವು ಮಳೆಗಾಲಗಳ ಕಾಲ ನೋಡುವುದು. ಬಿಳಿ ಪದರದ ಪರೀಕ್ಷೆಗೆ ಬೇಕಾದ ಕುಪ್ಪಿ, ಅಗರ್, ಮಾಲಿಕ್ ಆಮ್ಲ ಯಾವ ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಹೊಂದಿಸಿಕೊಳ್ಳಬಹುದಾದವು. ಮುಂದಿನ ಮುಂಗಾರಿಗೆ ನಿಮ್ಮ ಹೊಲದ ಆ ನಾಲ್ಕು ಪಟ್ಟಿಗಳ ನಕ್ಷೆಯನ್ನು ಅವಳೇ ಬರೆಯಲಿ, ತೂಕದ ಲೆಕ್ಕವನ್ನು ಅವಳೇ ಇಡಲಿ.